ತಗ್ಗು ತುಂಬದ ಮಣ್ಣು

ನಮ್ಮ ಮನೆತನದಲ್ಲಿ ಈ ಸಂಗತಿಯನ್ನು ಯಾರು ಹೇಳಿದರೂ ಒಂದೇ ಥರ ಹೇಳುತ್ತಾರೆ: ‘ಭೂಮಿತಾಯಿ ಮೊದಲ ಒಲ್ಲೆ ಅಂದಿದ್ಲು. ಈ ಹುಡುಗಿ ವಾದಾ ಮಾಡಿ ಮಾಡಿ ಅಕಿನ್ನೂ ಒಪ್ಪಿಸಿದ್ಲು ನೋಡ್ರಿ.’ ಹುಡುಗಿ ಎಂದರೆ ನಾನು. ಎರಡೇ ವಾರದಲ್ಲಿ ಈ ಕತೆ ಮುಂಡಗೋಡದಿಂದ ಹಳಿಯಾಳದ ನೆಂಟರ ತನಕ ಮುಟ್ಟಿದೆ. ಕೇಳುವವರು ನಗುತ್ತಾರೆ, ನನ್ನ ಕಡೆ ತಿರುಗಿ ‘ಶ್ಯಾಣ್ಯಾಕಿ ಅದೀ ಬಿಡವಾ’ ಎನ್ನುತ್ತಾರೆ, ಚಹಾ ಬರುತ್ತದೆ. ಬೇರೆಯವರಾದರೆ ಸುಮ್ಮನೆ ಕಪ್ಪು ಎತ್ತಿಕೊಳ್ಳುತ್ತಿದ್ದರೇನೋ. ನನಗೆ ಆಗುವುದಿಲ್ಲ. ನನ್ನನ್ನು ಗೆಲ್ಲಿಸುವ ಕತೆಯ ಮೇಲೆಯೇ ನನಗೆ ಹೆಚ್ಚು ಅನುಮಾನ. ಭೂಮಿತಾಯಿ ಅವತ್ತು ಏನೂ ಅನ್ನಲಿಲ್ಲ. ನಾನು ಒಂದು ಮಾರು ದೂರದಲ್ಲಿ ಫೋನು ಹಿಡಿದು ನಿಂತಿದ್ದೆ. ಅಂದವರೆಲ್ಲ ಮನುಷ್ಯರು. ಅನ್ನದೇ ಉಳಿದವರೂ ಮನುಷ್ಯರೇ.

ಮೊದಲು ಅತ್ತೆಯ ವಿಷಯ ಹೇಳಬೇಕು, ಇದೆಲ್ಲ ಆದದ್ದು ಅವಳಿಗೊಂದು ಮನೆ ಆಗಲೆಂದು. ಅತ್ತೆ ನಮ್ಮಪ್ಪನ ಅಕ್ಕ, ದೊಡ್ಡಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ದಾಂಡೇಲಿಯಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದಾಳೆ. ಊರ ಹೊರಗಿನ ಒಂದು ನರ್ಸರಿಯಲ್ಲಿ ಕೆಲಸ. ಸಾಗವಾನಿ, ಬಿದಿರು, ನೆಲ್ಲಿ, ಹೊನ್ನೆ, ಸಸಿ ಯಾವುದೇ ಇರಲಿ, ಅದು ನಿಲ್ಲುವ ಕಪ್ಪು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬುವುದು ಅವಳ ಪಾಲು. ಕೆಂಪು ಮಣ್ಣನ್ನು ಜರಡಿ ಹಿಡಿದು, ಉಸುಕು ಗೊಬ್ಬರ ಕಲಸಿ, ಚೀಲಕ್ಕೆ ಸುರಿದು, ಎರಡು ಸಲ ನೆಲಕ್ಕೆ ಕುಟ್ಟಿ, ಹೆಬ್ಬೆರಳಿನಿಂದ ಮೊದಲು ಅಂಚು ಒತ್ತಿ ಆಮೇಲೆ ನಡುವೆ ಒತ್ತುತ್ತಾಳೆ. ಸಣ್ಣವಳಿದ್ದಾಗ ಸಂಜೆ ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಹೋಗುತ್ತಿದ್ದೆ. ನಾನು ತುಂಬಿದ ಚೀಲವನ್ನು ಅವಳು ಒಮ್ಮೆ ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕೆ ಸುರಿದುಬಿಡುತ್ತಿದ್ದಳು. ‘ಭಾಳ ಒತ್ತೀದಿ, ಬೇರಿಗಿ ಉಸರ ಹತ್ತಂಗಿಲ್ಲ.’ ಮುಂದಿನದನ್ನು ಹಗುರಾಗಿ ತುಂಬಿದರೆ, ‘ಇದು ಮೊದಲನೇ ನೀರಿಗೇ ಅರ್ಧಕ್ಕ ಕುಂಡ್ರತೈತಿ.’ ಅವಳು ಮಾತಾಡಿದ್ದು ಹೆಚ್ಚುಕಡಿಮೆ ಇಷ್ಟೇ. ನಮ್ಮ ಮನೆಯಲ್ಲಿ ಮಾತಿನ ಗುತ್ತಿಗೆ ಹಿಡಿದವಳು ನಾನು. ಹಳಿಯಾಳದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪರವೋ ವಿರೋಧವೋ, ಯಾವ ಚೀಟಿ ಬಂದರೂ ಸರಿ, ಎದುರಿನವರ ವಾದದಲ್ಲಿ ಬಿರುಕು ಹುಡುಕುವುದೇ ಕೆಲಸ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಯ ಕೋಣೆಯ ಮಾಲೀಕರು ಹಳೇ ಮನೆ ಕೆಡವುತ್ತೇವೆ, ಬೇರೆ ಕಡೆ ನೋಡಿಕೊಳ್ಳಿ ಎಂದರು. ಅತ್ತೆ ಹೆಚ್ಚು ಚಿಂತೆ ಮಾಡಿದಂತೆ ಕಾಣಲಿಲ್ಲ. ‘ಒಂದ ಸಣ್ಣ ಮನಿ ಆದ್ರ ಸಾಕ ನೋಡು. ನಂದು ಅನ್ನೂದು. ಯಾರೂ ಏಳು ಅನಬಾರದು’ ಎಂದಳು. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಮುಂಡಗೋಡದ ಹತ್ತಿರದ ನಮ್ಮ ಹಳ್ಳಿ ಇಂದೂರಿಗೆ ಬಸ್ಸು ಹತ್ತಿದೆ. ಅಜ್ಜನ ಹೊಲ, ಹಿತ್ತಲು ಎಲ್ಲ ದೊಡ್ಡಪ್ಪನ ಸುಪರ್ದಿನಲ್ಲಿವೆ. ಹೆಣ್ಣುಮಕ್ಕಳಿಗೂ ಪಾಲಿದೆ ಎಂಬ ಕಾನೂನಿನಿಂದ ಹಿಡಿದು ಚಿಕ್ಕಂದಿನಲ್ಲಿ ಅತ್ತೆ ಅವನನ್ನು ಎತ್ತಿನ ಕೋಡಿನಿಂದ ತಪ್ಪಿಸಿದ್ದರ ತನಕ ಎಂಟು ಅಂಶ ಬರೆದುಕೊಂಡು ಹೋಗಿದ್ದೆ. ಎರಡನೆಯ ಅಂಶಕ್ಕೇ ದೊಡ್ಡಪ್ಪ ಕೈ ಎತ್ತಿದ.

‘ಸಾಕ ಬಿಡ ಮಗಳ, ಉಸರ ತಗೊ. ನಮ್ಮ ಹಿತ್ತಲದಾಗ ಕಟ್ಟಲಿ. ನಮ್ಮ ಅಡಿಗಿಮನಿ ಹಿಂದ, ಚಲೋ ಕರೀ ಮಣ್ಣಿನ ಜಾಗಾ ಐತೆಲ್ಲಾ, ಅಲ್ಲೆ. ನಾ ಏನ ಬ್ಯಾಡ ಅಂದೇನೇನ?’

ಉಳಿದ ಆರು ಅಂಶ ಕೈಯಲ್ಲೇ ಉಳಿದವು. ಇಷ್ಟು ಸಲೀಸಾಗಿ ಒಪ್ಪುವ ಎದುರಾಳಿಯನ್ನು ನಂಬಬಾರದು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಲ್ಲೋ ಒಂದು ಷರತ್ತು ಇದ್ದೇ ಇರುತ್ತದೆ ಎಂದು ಕಾದೆ. ಬಂತು.

‘ಪಾಯಾ ತಗಿಯೂಕಿಂತ ಮೊದಲ ನೆಲಾ ನೋಡಸೂಣು.’

ನೆಲ ನೋಡಿಸುವುದೆಂದರೆ ಹೀಗೆ: ಮನೆ ಕಟ್ಟುವ ಜಾಗದಲ್ಲಿ ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಆಳದ ತಗ್ಗು ತೆಗೆಯುತ್ತಾರೆ. ತೆಗೆದ ಮಣ್ಣನ್ನೇ ಅದರೊಳಗೆ ತಿರುಗಿ ತುಂಬುತ್ತಾರೆ. ಮಣ್ಣು ಮಿಕ್ಕರೆ ಮನೆಯಲ್ಲಿ ಎಲ್ಲವೂ ಮಿಗುತ್ತದೆ, ಸಮವಾದರೆ ಹಾಗೂ ಹೀಗೂ ನಡೆಯುತ್ತದೆ, ಕಡಿಮೆ ಬಿದ್ದರೆ ಆ ಜಾಗ ಬೇಡ. ಊರಿನಲ್ಲಿ ಇದನ್ನು ಮಾಡುವ ಒಬ್ಬ ಅಜ್ಜ ಇದ್ದಾನೆ. ಮೊಣಕಾಲು ಹಿಡಿದುಕೊಂಡು ನಡೆಯುತ್ತಾನೆ, ಬಾಯಿ ಮಾತ್ರ ಚುರುಕು. ಅವನ ಬಳಿ ಎರಡನೆಯದೊಂದು ಪರೀಕ್ಷೆಯೂ ಇದೆ: ತಗ್ಗಿಗೆ ನೀರು ತುಂಬಿಸಿ, ನೂರು ಹೆಜ್ಜೆ ಹೋಗಿ ಬಂದು, ಎಷ್ಟು ಇಂಗಿದೆ ನೋಡುವುದು.

‘ಯಾರ ಹೆಜ್ಜಿ ಅಜ್ಜಾ?’ ಎಂದೆ. ‘ನೀವು ಹೋಗಿ ಬರೂದ್ರಾಗ ಬಾವಿ ನೀರೂ ಇಂಗತೈತಿ.’

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ‘ಖರೆ ಐತವಾ. ನಿನ್ನ ಕಾಲಿನ್ಯಾಕಿ ಹೋದ್ರ ಜಾಗಾ ಸ್ವರ್ಗ, ನನ್ನ ಕಾಲಿನ್ಯಾಂವ ಹೋದ್ರ ನರಕ.’

ನೆಲ ನೋಡಿಸಿದ ದಿನ ಬೆಳಿಗ್ಗೆ ಹಿತ್ತಲಲ್ಲಿ ಐದು ಜನ ಇದ್ದೆವು: ಅಜ್ಜ, ದೊಡ್ಡಪ್ಪ, ಅತ್ತೆ, ನಾನು, ಮತ್ತು ಮನೆ ಕಟ್ಟಲು ಒಪ್ಪಿಕೊಂಡಿದ್ದ ಮುಂಡಗೋಡದ ಗೌಂಡಿ. ಗೌಂಡಿ ಶುಕ್ರವಾರದ ನಮಾಜಿಗೆ ಮುಂಚೆ ಮುಗಿಸಬೇಕೆಂದು ನಸುಕಿನಲ್ಲೇ ಬಂದಿದ್ದರು. ಗುದ್ದಲಿಯಿಂದ ಅಗೆದು, ಕರಣಿಯಿಂದ ಗೋಡೆ ಸವರಿ, ಕೊರೆದಿಟ್ಟಂಥ ಚೌಕ ತಗ್ಗು ತೆಗೆದರು. ನಾನು ಬಗ್ಗಿ ನೋಡಿದೆ. ಮೇಲಿನ ಒಂದು ಗೇಣು ಕಪ್ಪು, ಪುಡಿಪುಡಿ, ಹುಲ್ಲಿನ ಬೇರು, ಎರೆಹುಳದ ತೂತು. ಅದರ ಕೆಳಗೆ ಕೆಂಪು, ಹಿಡಿದರೆ ಬೆರಳಿಗೆ ಅಂಟುವಂಥದ್ದು. ತಳದಲ್ಲಿ ಹಳದಿ ಹರಳಿನ ಗರಸು ಇಣುಕುತ್ತಿತ್ತು. ಒಂದು ಮೊಳದಲ್ಲಿ ಮೂರು ಬಣ್ಣ.

ನಾನು ಫೋನಿನಲ್ಲಿ ಎಲ್ಲವನ್ನೂ ಚಿತ್ರೀಕರಿಸುತ್ತಿದ್ದೆ. ನೆನಪಿಗಲ್ಲ, ಸಾಕ್ಷಿಗೆ. ನನ್ನ ಕಣ್ಣು ದೊಡ್ಡಪ್ಪನ ಕೈಯ ಮೇಲೆ. ಒಂದು ಹಿಡಿ ಮಣ್ಣು ಬೇಲಿಯ ಆಚೆ ಹೋದರೆ ಸಾಕು, ಲೆಕ್ಕ ತಪ್ಪಿತು.

ತುಂಬುವ ಹೊತ್ತಿಗೆ ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮುಂದೆ ಬಂದಳು. ‘ನನ್ನ ಮನಿ ತಗ್ಗ. ನಾನ ತುಂಬತೇನಿ’ ಎಂದು ಬುಟ್ಟಿ ತೆಗೆದುಕೊಂಡಳು. ಅಜ್ಜನಿಗೆ ಬಹಳ ಹಿಡಿಸಿತು. ‘ಮನಿ ಒಡತಿ ತುಂಬೂದು ಭಾಳ ಚಲೋ ನೋಡ್ರಿ’ ಎಂದ. ಅತ್ತೆ ಒಂದು ಬುಟ್ಟಿ ಸುರಿದು, ತಗ್ಗಿನೊಳಗೆ ಇಳಿದು ಒಂದು ಸುತ್ತು ತಿರುಗಿ, ಮೇಲೆ ಬಂದು ಮತ್ತೊಂದು ಬುಟ್ಟಿ ಸುರಿದಳು. ಪೂಜೆ ಮಾಡಿದಷ್ಟು ನಿಧಾನ. ಕೊನೆಯ ಬುಟ್ಟಿ ಮುಗಿಯಿತು. ನೆಲದ ಮಟ್ಟಕ್ಕೆ ನಾಲ್ಕು ಬೆರಳು ಕಡಿಮೆ. ದೊಡ್ಡಪ್ಪ ನಂಬದವನಂತೆ ಮೇಲೆ ಒಂದು ಕಾಲಿಟ್ಟು ಒತ್ತಿ ನೋಡಿದ. ಫೋನು ಅದನ್ನು ಸ್ಪಷ್ಟವಾಗಿ ಹಿಡಿಯಿತು.

‘ಒಲ್ಲೆ ಅಂತಾಳ’ ಎಂದ ಅಜ್ಜ, ಪಂಚೆಯ ಮಣ್ಣು ಕೊಡವಿಕೊಳ್ಳುತ್ತ.

‘ಹಂಗಾದ್ರ ಇಲ್ಲಿ ಬ್ಯಾಡ’ ಎಂದ ದೊಡ್ಡಪ್ಪ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ‘ರಸ್ತೆ ಕಡೆ ಗರಸಿನ ದಿನ್ನಿ ಐತಿ. ಅದ ಒಂದ ಉಳೀತು. ಅಲ್ಲಿ ಏನೂ ಬೆಳಿಯಂಗಿಲ್ಲ, ಖಾಲಿನ ಬಿದ್ದೈತಿ’ ಎಂದ.

ನೋಡಿ, ಎಂದುಕೊಂಡೆ. ಕಪ್ಪು ಮಣ್ಣಿನ ಹಿತ್ತಲು ಇವನಿಗೇ ಉಳಿಯಿತು, ಏನೂ ಬೆಳೆಯದ ದಿನ್ನೆ ತಂಗಿಯ ಪಾಲಿಗೆ ಬಂತು, ಹೆಸರು ಭೂಮಿತಾಯಿಯದು. ಇಷ್ಟು ಚೊಕ್ಕಟವಾದ ಮೋಸವನ್ನು ನಾನು ಯಾವ ವೇದಿಕೆಯಲ್ಲೂ ಕಂಡಿರಲಿಲ್ಲ.

ಅವತ್ತೇ ಎಲ್ಲರೂ ದಿನ್ನೆ ನೋಡಲು ಹೋದೆವು. ಮುಂಡಗೋಡದ ರಸ್ತೆಗೆ ಹತ್ತಿಕೊಂಡ ಏರು ಜಾಗ. ಒರಟು ಹುಲ್ಲು, ಕೆಂಪು ಹರಳು, ಕಾಲಿಟ್ಟರೆ ಕರಕರ. ಗೌಂಡಿ ಹಾರೆಯಿಂದ ಕುಟ್ಟಿ ನೋಡಿ ‘ಮನಿಗಿ ಇದು ಗಟ್ಟಿ ಐತ್ರಿ, ನೀರ ನಿಂದ್ರಂಗಿಲ್ಲ’ ಎಂದರು. ಅತ್ತೆ ರಸ್ತೆಯ ಅಂಚಿನಲ್ಲಿ ಆ ತುದಿಯಿಂದ ಈ ತುದಿಗೆ ಹೆಜ್ಜೆ ಹಾಕಿದಳು. ‘ಇಲ್ಲೆ ನೆಳ್ಳಿಗೆ ಹಸರ ಪರದಾ ಕಟ್ಟಿದ್ರ ಎಷ್ಟ ಸಸಿ ಹಿಡೀತಾವ್ರಿ ಭಾಯಿ?’ ಎಂದು ಗೌಂಡಿಯನ್ನು ಕೇಳಿದಳು. ಬಾಗಿಲು ಯಾವ ಕಡೆ ಬರುತ್ತದೆ ಎಂದೂ ಕೇಳಿದಳು. ಪಾಪ, ಇಲ್ಲದ್ದರಲ್ಲೇ ಸಮಾಧಾನ ಹುಡುಕುತ್ತಿದ್ದಾಳೆ ಎಂದು ಮರುಗಿದೆ. ಆ ಮರುಕದ ಬಗ್ಗೆ ಈಗ ನನಗೆ ಅಷ್ಟೊಂದು ಗೌರವ ಉಳಿದಿಲ್ಲ.

ದಾಂಡೇಲಿಗೆ ಮರಳಿದ ಮೇಲೆ ಮಣ್ಣಿನ ಹಿಂದೆ ಬಿದ್ದೆ. ಎದುರಾಳಿಯ ಸಾಕ್ಷಿಯನ್ನು ಕೆಡವಬೇಕಾದರೆ ಸಾಕ್ಷಿಯನ್ನು ಅರಿಯಬೇಕು, ಮತ್ತು ಇಲ್ಲಿ ಸಾಕ್ಷಿ ಹೇಳಿದ್ದು ಮಣ್ಣು.

ಮಣ್ಣು ಹೇಗೆ ಆಗುತ್ತದೆ ಎಂಬುದು ಶಾಲೆಯ ಪುಸ್ತಕದಲ್ಲಿತ್ತು, ನಾನು ನಂಬಿರಲಿಲ್ಲ. ಕಲ್ಲು ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ, ಮಳೆನೀರಿಗೆ ಕರಗಿ ಮಣ್ಣಾಗುತ್ತದಂತೆ. ಒಂದು ಗೇಣಿಗೆ ತಲೆತಲಾಂತರ ಬೇಕಂತೆ. ಕೂತು ನೋಡಿದವರು ಯಾರು? ಈ ಪ್ರಶ್ನೆಯನ್ನು ಒಮ್ಮೆ ಅತ್ತೆಗೇ ಕೇಳಿದ್ದೆ. ಅವಳ ಜೊತೆ ಕೆಲಸ ಮಾಡುವವಳ ಮಗಳ ಮದುವೆಗೆಂದು ಅಣಶಿಗೆ ಹೊರಟಿದ್ದೆವು. ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿ, ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಎಲ್ಲರೂ ಇಳಿದು ನಿಂತಿದ್ದೆವು. ಅತ್ತೆ ಕಡಿದ ಗೋಡೆಗೆ ಬೆರಳು ಚುಚ್ಚಿದಳು. ಬಂಡೆಯೆಂದು ನಾನು ತಿಳಿದದ್ದರೊಳಗೆ ಬೆರಳು ಇಳಿಯಿತು.

‘ಇದು ಮೊದಲ ಕಲ್ಲ ಇತ್ತು.’

‘ನೀ ನೋಡಿದ್ಯಾ?’

‘ಗೆರಿ ನೋಡ.’

ನೋಡಿದೆ. ಬಂಡೆಯ ಓರೆ ಗೆರೆಗಳು ಹಾಗ್ಹಾಗೇ ಇದ್ದವು, ಮುಟ್ಟಿದರೆ ಮಾತ್ರ ಹಿಟ್ಟಿನಂತೆ ಉದುರುತ್ತಿದ್ದವು. ಕಲ್ಲು ತಾನು ಕಲ್ಲೆಂಬುದನ್ನು ಮರೆತಿತ್ತು, ಆಕಾರವನ್ನು ಮರೆತಿರಲಿಲ್ಲ. ಅದರ ಮೇಲೆ ಗರಸು, ಗರಸಿನ ಮೇಲೆ ಕೆಂಪು ಮಣ್ಣು, ತುದಿಯಲ್ಲಿ ಎಲೆ ಕೊಳೆತ ಕಪ್ಪಿನ ಒಂದು ಪಟ್ಟಿ. ಆ ಪಟ್ಟಿಯೊಳಗೇ ಎಲ್ಲ ಬೇರುಗಳ ಗದ್ದಲ. ಕಂಡಕ್ಟರ್ ಹಿಂದಿನಿಂದ ಕೂಗಿದ: ‘ಏನ ಬೇ ಯಕ್ಕಾ, ಗುಡ್ಡಾ ಕೆಡವಿ ನಮ್ಮ ಬಸ್ಸಿನ ಮ್ಯಾಲ ಹಾಕತೀಯೇನ?’

ಈಗ, ಪರೀಕ್ಷೆ ಮುಗಿದ ಮೇಲೆ ಕಟ್ಟಿಕೊಂಡು ತಂದಿದ್ದ ಇಂದೂರಿನ ತಗ್ಗಿನ ಮಣ್ಣನ್ನು ಗಾಜಿನ ಜಾಡಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಅಲ್ಲಾಡಿಸಿ ಕಿಟಕಿಯಲ್ಲಿಟ್ಟೆ. ಮರಳು ಕಣ್ಣೆದುರಿಗೇ ತಳ ಸೇರಿತು. ಅದರ ಮೇಲೆ ನುಣ್ಣನೆಯ ಮಣ್ಣು ಮಧ್ಯಾಹ್ನದ ತನಕ ನಿಧಾನವಾಗಿ ಕೂತಿತು. ಜೇಡಿ ಮಾತ್ರ ಮರುದಿನವೂ ನೀರಿನಲ್ಲೇ ತೇಲುತ್ತ, ಯಾವ ಪಕ್ಷಕ್ಕೂ ಸೇರದೆ ಉಳಿಯಿತು. ಜಾಡಿಯಿಂದ ದೊಡ್ಡಪ್ಪನ ವಿರುದ್ಧ ಏನೂ ಸಿಗಲಿಲ್ಲ. ಆದರೆ ಓದುತ್ತ ಹೋದಂತೆ ಒಂದು ಸಂಗತಿ ಸಿಕ್ಕಿತು. ನಾವು ಗಟ್ಟಿ ಎಂದುಕೊಳ್ಳುವ ಹೊಲದ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಖಾಲಿ. ಹರಳಿನ ನಡುವಿನ ಸಂದು, ಹುಳದ ದಾರಿ, ಸತ್ತ ಬೇರಿನ ಕೊಳವೆ. ಅವುಗಳಲ್ಲಿ ಗಾಳಿ, ಇಲ್ಲವೆ ನೀರು. ಅಗೆದಾಗ ಮಣ್ಣು ಹೆಂಟೆಯಾಗಿ ಒಡೆದು, ಹೆಂಟೆಗಳ ನಡುವೆ ಇನ್ನಷ್ಟು ಗಾಳಿ ಸೇರಿಕೊಂಡು, ಇದ್ದದ್ದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಿದ್ದ ಮೇಲೆ ತಗ್ಗಿನ ಮಣ್ಣು ಮಿಗಬೇಕಿತ್ತು. ಗೌಂಡಿಗೆ ಫೋನು ಮಾಡಿದೆ.

‘ತಗದ ಮಣ್ಣ ಉಬ್ಬತೈತಿ ಬೇಟಿ. ಯಾವ ಪಾಯಾ ತಗದ್ರೂ ಒಂದ ಟ್ರ್ಯಾಕ್ಟರ್ ಮಣ್ಣ ಮಿಕ್ಕ ನನ್ನ ತಲಿಗಿ ಬರತೈತಿ, ಎಲ್ಲಿ ಒಗೀಲಿ ಅಂತ’ ಎಂದರು.

‘ಮತ್ತ ಅವತ್ತ ಕಡಿಮಿ ಯಾಕ ಬಿತ್ತು ಚಾಚಾ?’

ಆ ಕಡೆ ಅವರು ಕಾಂಕ್ರೀಟ್ ಯಂತ್ರದ ಸದ್ದಿನಿಂದ ದೂರ ಸರಿದರು. ‘ತುಳದ್ರ ಬೀಳತೈತಿ’ ಎಂದರು. ‘ಹಸಿ ಮಣ್ಣ, ಹಗುರ ಮಣ್ಣ, ಥರಾ ಥರಾ ಹಾಕಿ ತುಳದ್ರ, ದೇವರು ಕುಂಡ್ರಿಸಿದ್ದಕ್ಕಿಂತಾ ಗಟ್ಟಿ ಕುಂಡ್ರತೈತಿ.’

ತುಳಿದರೆ! ನನಗೆ ದೊಡ್ಡಪ್ಪನ ಕಾಲು ನೆನಪಾಯಿತು. ವಿಡಿಯೋ ತೆಗೆದು ಆ ಜಾಗಕ್ಕೇ ಓಡಿಸಿ ನಿಲ್ಲಿಸಿದೆ. ಬೂದುಬಣ್ಣದ ಚಪ್ಪಲಿ, ಕೆಂಪು ಮಣ್ಣಿನ ಮೇಲೆ. ಸಾಕು.

ಮುಂದಿನ ಭಾನುವಾರ ಅತ್ತೆಯನ್ನು ಕರೆದುಕೊಂಡು ಇಂದೂರಿಗೆ ಹೋದೆ. ಅವಳು ಮೊದಲು ಬರಲು ಒಪ್ಪಲಿಲ್ಲ. ‘ದಿನ್ನಿ ಆದ್ರ ದಿನ್ನಿ. ಬಿಡ ಅತ್ತಲಾಗ, ಮುಗದದ್ದಕ್ಕ ಮತ್ತ್ಯಾಕ ಕೆದರತಿ’ ಎಂದಳು. ‘ಹಕ್ಕಿನ ಪ್ರಶ್ನಿ ಅತ್ತಿ ಇದು’ ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟಿಕೊಂಡು ಬಂದಳು.

ಹಿತ್ತಲಲ್ಲಿ ಮತ್ತೆ ಅದೇ ಐದು ಜನ. ಹಳೇ ತಗ್ಗಿನ ಪಕ್ಕದಲ್ಲಿ, ಯಾರೂ ಮುಟ್ಟದ ನೆಲದಲ್ಲಿ, ಅದೇ ಅಳತೆಯ ಹೊಸ ತಗ್ಗು ತೆಗೆಸಿದೆ. ‘ಮಣ್ಣ ಈಗ ಒಣಗೇತಿ, ಅವತ್ತಿನ ಹಂಗ ಹಸಿ ಇಲ್ಲ’ ಎಂದು ದೊಡ್ಡಪ್ಪ ತಕರಾರು ತೆಗೆದ. ನಿಜ ಹೇಳಬೇಕೆಂದರೆ ಒಳ್ಳೆಯ ತಕರಾರು. ಎರಡು ತಂಬಿಗೆ ನೀರು ಚಿಮುಕಿಸಿ ಬಾಯಿ ಮುಚ್ಚಿಸಿದೆ. ಮೊದಲನೇ ಸಲ ಮಣ್ಣನ್ನು ಹಗುರಾಗಿ ಸುರಿದೆ, ಯಾರೂ ಮುಟ್ಟಬಾರದು ಎಂದೆ. ತಗ್ಗು ತುಂಬಿ ಮೇಲೆ ಗುಪ್ಪೆಯಾಯಿತು. ಒಂದು ದೊಡ್ಡ ಬುಟ್ಟಿ ಮಿಕ್ಕಿತು.

‘ಅಬಬಬಾ, ರಾಜರ ಅರಮನಿ ಕಟ್ಟಬಹುದು’ ಎಂದ ಅಜ್ಜ.

ಎಲ್ಲವನ್ನೂ ತಿರುಗಿ ಹೊರಗೆ ತೆಗೆಸಿದೆ. ಎರಡನೇ ಸಲ ಬುಟ್ಟಿಗೊಮ್ಮೆ ಇಳಿದು ನಾನೇ ತುಳಿದೆ. ಅದೇ ತಗ್ಗು, ಅದೇ ಮಣ್ಣು, ಮೂರು ಬೆರಳು ಕಡಿಮೆ. ನನ್ನ ತೂಕ ಅಷ್ಟೇ. ಅಜ್ಜ ಕಣ್ಣು ಕಿರಿದು ಮಾಡಿಕೊಂಡು ತಗ್ಗನ್ನೂ ನನ್ನನ್ನೂ ನೋಡಿದ. ‘ಹಂಗಾದ್ರ ಇಷ್ಟ ವರ್ಷ ನಾ ನೋಡಿದ್ದು ನೆಲಾನೋ, ಜನರ ಕಾಲೋ?’ ಎಂದ. ಅವನೂ ನಕ್ಕ, ಎಲ್ಲರೂ ನಕ್ಕರು. ನಾನು ನಗಲಿಲ್ಲ, ಮುಖ್ಯ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ.

‘ಅವತ್ತ ತುಳದಾವರ ಯಾರು ದೊಡ್ಡಪ್ಪಾ?’

ದೊಡ್ಡಪ್ಪ ತನ್ನ ಕಾಲನ್ನು ತಾನೇ ನೋಡಿಕೊಂಡ. ‘ನಾ ಮ್ಯಾಲ ಒಂದ ಕಾಲ ಇಟ್ಟಿದ್ದೆ, ಖರೆ. ಒಂದ ಕಾಲಿಗಿ ನಾಕ ಬಟ್ಟ ಇಳೀತೈತೇನ?’

‘ಫೋನಿನ್ಯಾಗ ಐತಿ.’

‘ಇರವಲ್ದ್ಯಾಕ.’

ಗೌಂಡಿ ಕೆಮ್ಮಿದರು. ‘ಮ್ಯಾಲ ಒತ್ತಿದ್ರ ಮ್ಯಾಲಿಂದಷ್ಟ ಕುಂಡ್ರತೈತಿ ಬೇಟಿ. ತಳದಿಂದ ಕುಂಡ್ರಬೇಕಂದ್ರ...’ ಎಂದವರು ಅಷ್ಟಕ್ಕೇ ನಿಲ್ಲಿಸಿದರು. ಅತ್ತೆ ಚಹಾದ ತಟ್ಟೆ ಹಿಡಿದು ಬಂದಿದ್ದಳು. ಅವರು ಕಪ್ಪು ತೆಗೆದುಕೊಂಡು ಬೇಲಿಯ ಕಡೆ ಮುಖ ಮಾಡಿದರು. ಕೂಲಿ ಕೊಡುವ ಯಜಮಾನನ ಮುಂದೆ ಹೆದರಿದರು ಎಂದುಕೊಂಡೆ.

ದೊಡ್ಡಪ್ಪ ವಾದ ಬೆಳೆಸಲಿಲ್ಲ. ‘ಆತ ಮಗಳ, ತಪ್ಪ ನಂದ ಅನ್ನು. ಭೂಮಿ ಒಲ್ಲೆ ಅಂದಿಲ್ಲಂದ್ರ ನನಗೂ ಹಿಗ್ಗ ಆಗತೈತಿ. ಆ ದಿನ್ನಿ ಮ್ಯಾಲ ನನ್ನ ತಂಗಿ ಒಬ್ಬಾಕಿನ ಇರೂದು ನನಗೇನ ಸೇರತಿತ್ತೇನ? ಎರಡ ದಿನಾ ಊಟಾ ಸೇರಿಲ್ಲ ನನಗ.’ ಅವನ ದನಿ ನಿಜವಾಗಿ ಒಡೆಯಿತು. ಮೋಸ ಮಾಡಿದವನ ದನಿ ಹಾಗೆ ಒಡೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು, ಆದರೂ ಗೆದ್ದ ಭರದಲ್ಲಿ ಅದನ್ನು ಪಕ್ಕಕ್ಕೆ ಸರಿಸಿದೆ. ಅವನು ಅತ್ತೆಯ ಕಡೆ ತಿರುಗಿದ. ‘ಇಲ್ಲೇ ಕಟ್ಟೂಣು. ನಮ್ಮ ಅಡಿಗಿಮನಿ ಬಾಗಲಾ ತಗದ್ರ ನಿನ್ನ ಕಟ್ಟಿ ಕಾಣಬೇಕು ನೋಡವಾ. ನಸುಕಿನ್ಯಾಗ ಎಮ್ಮಿ ಹಿಂಡಾಕ ನಿಮ್ಮ ವೈನಿಗೂ ಒಂದ ಕೈ ಆತು. ಸಂಜಿ ಆರಕ್ಕ ನೀ ಬಾಗಲಾ ಹಾಕ್ಕೊಂಡ್ರ ನನಗೂ ಜೀವಕ್ಕ ಸಮಾಧಾನ. ಇನ್ನ ಆ ನರ್ಸರಿ ಗಿರ್ಸರಿ ಸಾಕು, ಮಣ್ಣಾಗ ಕೈ ಹಾಕೂದು.’

ಅತ್ತೆ ಖಾಲಿ ತಟ್ಟೆಯನ್ನು ಎದೆಗೆ ಹಿಡಿದು ನಿಂತಿದ್ದಳು. ‘ಆತು’ ಎಂದಳು. ದೊಡ್ಡಪ್ಪ ಹಿತ್ತಲು ಕೊಡುತ್ತಾನೆ ಎಂದು ಮೊದಲನೇ ಸಲ ನಾನು ಬಂದು ಹೇಳಿದಾಗಲೂ ಆತು ಎಂದಿದ್ದಳು. ದಿನ್ನೆ ಎಂದಾಗ ಏನೆಂದಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದೆ. ಆತು ಅಂದಿರಲಿಲ್ಲ. ಹೆಜ್ಜೆ ಹಾಕಿ ಅಳೆದಿದ್ದಳು, ಎಷ್ಟು ಸಸಿ ಹಿಡಿಯುತ್ತವೆ ಎಂದು ಕೇಳಿದ್ದಳು.

ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ, ನಾನು ಈ ಕಡೆ. ಬಸ್ಸು ದಿನ್ನೆಯನ್ನು ದಾಟುವಾಗ ಅವಳ ತಲೆ ಅದರ ಜೊತೆಗೇ ತಿರುಗುತ್ತ ಹೋಯಿತು. ನಾನು ಮನೆತನದ ಗುಂಪಿಗೆ ಕಳಿಸಲೆಂದು ಎರಡೂ ವಿಡಿಯೋ ಕತ್ತರಿಸಲು ಕೂತೆ, ಒಂದು ಸೋತ ತಗ್ಗಿನದು, ಇನ್ನೊಂದು ಗೆದ್ದ ತಗ್ಗಿನದು. ಹಳೆಯದನ್ನು ಅಷ್ಟು ಸಲ ನೋಡಿದ್ದೆ, ಆದರೆ ಯಾವಾಗಲೂ ಚಿತ್ರದ ಮೇಲಿನ ಅರ್ಧವನ್ನು, ದೊಡ್ಡಪ್ಪನ ಕೈ ಇದ್ದ ಕಡೆಯನ್ನು. ಈ ಸಲ ಕೆಳಗೆ ನೋಡಿದೆ. ಬುಟ್ಟಿ ಸುರಿದ ಮೇಲೆ ಎರಡು ಬರಿಗಾಲು ಇಳಿಯುತ್ತವೆ. ಮೊದಲು ಬೆರಳುಗಳು ಅಂಚಿಗುಂಟ ಸುತ್ತು ಹಾಕುತ್ತವೆ. ಆಮೇಲೆ ಹಿಮ್ಮಡಿ ನಡುವೆ ಇಳಿಯುತ್ತದೆ, ಒಂದು ಸಲ, ಎರಡು ಸಲ, ಇಡೀ ಮೈಯ ಭಾರ ಹಾಕಿ. ಪ್ರತಿ ಬುಟ್ಟಿಗೂ ಹಾಗೆಯೇ. ಒಂದು ಬುಟ್ಟಿಯನ್ನೂ ಬಿಟ್ಟಿಲ್ಲ.

ಅದು ಕೈರೂಢಿಯೂ ಇರಬಹುದು. ಇಷ್ಟು ವರ್ಷ ಮಣ್ಣು ತುಂಬಿದವಳು ತಗ್ಗನ್ನೂ ಚೀಲದ ಹಾಗೆಯೇ ತುಂಬಿದಳು, ಅಷ್ಟೇ ಎಂದು ವಾದಿಸಬಹುದು. ಈ ವಾದದ ಎದುರು ಒಂದೇ ಒಂದು ಅಂಶ ನಿಲ್ಲುತ್ತದೆ: ಹೆಚ್ಚು ಒತ್ತಿದ ಚೀಲವನ್ನು ಅವಳು ಜನ್ಮದಲ್ಲಿ ತುಂಬಿದವಳಲ್ಲ. ಎಷ್ಟು ಒತ್ತಿದರೆ ಮಣ್ಣು ಎಷ್ಟು ಇಳಿಯುತ್ತದೆ ಎಂಬುದು ಆ ಹಿತ್ತಲಲ್ಲಿ ಅವಳಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ. ಗೌಂಡಿಗೂ ಇಲ್ಲ, ಅಜ್ಜನಿಗಂತೂ ಇಲ್ಲ, ಜಾಡಿ ಅಲ್ಲಾಡಿಸಿದ ನನಗೂ ಇಲ್ಲ. ವಿಡಿಯೋ ಗುಂಪಿಗೆ ಹೋಗಲಿಲ್ಲ. ಕತೆ ನನ್ನ ವಿಡಿಯೋಗೆ ಕಾಯಲೂ ಇಲ್ಲ. ದೊಡ್ಡಪ್ಪ ಆ ಸಂಜೆಯೇ ನಾಲ್ಕು ಕಡೆ ಫೋನು ಮಾಡಿ ನನ್ನ ಬುದ್ಧಿಯನ್ನು ಹೊಗಳಿದ್ದ.

ಪಾಯಕ್ಕೆ ಬರುವ ಸೋಮವಾರ ಗೊತ್ತಾಗಿದೆ. ನಿನ್ನೆ ನರ್ಸರಿಗೆ ಹೋದೆ. ಅತ್ತೆ ನೆರಳುಪರದೆಯ ಕೆಳಗೆ ಕಾಲು ಚಾಚಿ ಕೂತು ಚೀಲ ತುಂಬುತ್ತಿದ್ದಳು. ಪಕ್ಕದಲ್ಲಿ ತುಂಬಿದ ಚೀಲಗಳ ಸಾಲು, ಎಲ್ಲವೂ ಒಂದೇ ಎತ್ತರ. ನಾನು ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡೆ.

‘ಕೆಲಸದಾಗ ಅದೇನಿ’ ಎಂದಳು ತಲೆ ಎತ್ತದೆ. ‘ವಾದಾ ಮಾಡೂದಿದ್ರ ಆ ಬಿದರಿನ ಸಸಿ ಕೂಡ ಮಾಡು. ಅವು ತಲಿ ಅಲ್ಲಾಡಸ್ತಾವ.’

‘ವಾದಾ ಅಲ್ಲ. ಒಂದ ಮಾತ ಕೇಳಬೇಕಾಗೇತಿ. ಅವತ್ತ ತಗ್ಗ ತುಂಬಾಗ ನೀ ಬೇಕಂತನ ತುಳದ್ಯೇನ?’

ಅವಳು ಕೈಯಲ್ಲಿದ್ದ ಚೀಲವನ್ನು ಎರಡು ಸಲ ನೆಲಕ್ಕೆ ಕುಟ್ಟಿದಳು. ‘ತುಳದ್ರ ಮಣ್ಣ ಕುಂಡ್ರತೈತಿ. ನೀನ ಹೇಳಿದ್ಯಲ್ಲ, ಎಲ್ಲಾರ ಮುಂದ.’

‘ನನಗರ ಹೇಳಬಹುದಿತ್ತಲ್ಲ?’

‘ನಿನಗ ಹೇಳಿದ್ರ ನೀ ಸುಮ್ಮ ಇರತಿದ್ಯಾ? ಅಣ್ಣನ ಮುಂದ ಹೋಗಿ ಎಂಟ ಅಂಶಾ ಓದತಿದ್ದಿ. ಅಂವಾ ಅಳತಿದ್ದ.’ ಚೀಲವನ್ನು ಸಾಲಿನಲ್ಲಿಟ್ಟು ಮುಂದಿನದನ್ನು ಊದಿ ಬಿಡಿಸಿದಳು. ‘ಅಂವಾ ಅತ್ರ ನನ್ನ ಕೈಲೆ ನೋಡೂದ ಆಗೂದಿಲ್ಲ. ಮೊದಲಿಂದನೂ.’

ಇದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬಹುದೋ ಇಲ್ಲವೋ, ನನಗೆ ಈಗಲೂ ತಿಳಿಯದು. ಅಷ್ಟರಲ್ಲಿ ಗೊಬ್ಬರದ ಚೀಲದ ಮೇಲಿಟ್ಟಿದ್ದ ಅವಳ ಫೋನು ರಿಂಗಾಯಿತು. ದೊಡ್ಡಪ್ಪ; ಪಾಯದ ಪೂಜೆಯ ಸಾಮಾನಿನ ಪಟ್ಟಿ ಹೇಳಲು ಇರಬೇಕು. ಅತ್ತೆ ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು, ಫೋನು ಎತ್ತಲಿಲ್ಲ. ಇಂದೂರಿಗೆ ಹೋಗಿ ಅವಳ ಪರವಾಗಿ ಎರಡು ಸಲ ಗೆದ್ದು ಬಂದವಳು ನಾನು. ಅದಕ್ಕೂ ಮೊದಲೇ ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆ ಆಗ ಬಾಯಿಗೆ ಬಂತು.

‘ಅತ್ತಿ, ಫೋನ್ ಎತ್ತೂಕಿಂತ ಮೊದಲ ಹೇಳು. ನಿನಗ ನಿನ್ನ ಮನಿ ಎಲ್ಲಿ ಬೇಕ?’